ಲೆನ್ಸು ಒಂದು, ದುಡ್ಡು ಹದಿನೈದು ಸಾವಿರ, ಮದುವೆ ಮೂರು!

ದಾವಣಗೆರೆ: 'ಅಣ್ಣಾ, ಹದ್ನೆಂಟರಿಂದ ಇನ್ನೂರು! ಒಂದೇ ಲೆನ್ಸಲ್ಲಿ ಎಲ್ಲಾ ಮುಗೀತತಿ. ತಗೊಂಡ್ಬಿಡ್ಲಾ?'

ಮೊನ್ನೆ ಸಂಜೆ ಹಳೇ ಪಿ.ಬಿ. ರಸ್ತೆಯ ಸ್ಟುಡಿಯೋ ಒಂದರಲ್ಲಿ ಕಿವಿಗೆ ಬಿದ್ದ ಮಾತಿದು. ಕೇಳಿದವನು ಅದೇ ಸ್ಟುಡಿಯೋದಲ್ಲಿ ಐದು ವರ್ಷ ಲೈಟು ಹಿಡಿದು, ಈಗ ಸ್ವಂತ ಕಸುಬಿಗೆ ಇಳಿದಿರುವ ಹುಡುಗ. ಮೂರು ಮದುವೆ ಬುಕ್ ಆಗಿವೆ. ಕೈಯಲ್ಲಿರುವುದು ಹಳೇ ಕ್ಯಾನನ್ ಡಿ.ಎಸ್.ಎಲ್.ಆರ್. ಮತ್ತು ಅದರ ಜತೆಗೇ ಬಂದ 18-55 ಲೆನ್ಸು. ಜೇಬಿನಲ್ಲಿ 15 ಸಾವಿರ. ಅದರಲ್ಲಿ 10 ಸಾವಿರ ಅವರವ್ವ ಸಂಘದಲ್ಲಿ ಎತ್ತಿದ ಸಾಲ, ವಾರ ವಾರ ಕಂತು. ಫೋಟೋ ಕೆಟ್ಟರೆ ಮದುವೆ ಇನ್ನೊಮ್ಮೆ ನಡೆಯುವುದಿಲ್ಲ, ಕಂತೂ ನಿಲ್ಲುವುದಿಲ್ಲ!

ನಂಬರಿನ ಮಾಯೆ

ಹುಡುಗನ ಆಸೆ ತಪ್ಪಲ್ಲ. 18 ಮಿ.ಮೀ.ನಲ್ಲಿ ಇಡೀ ಮಂಟಪ, ಎರಡೂ ಕಡೆಯ ಬೀಗರು ಚೌಕಟ್ಟಿನೊಳಗೆ ಬರುತ್ತಾರೆ. ತಿರುಗಿಸಿ 200ಕ್ಕೆ ಒಯ್ದರೆ ದೂರದಿಂದಲೇ ಮದುಮಗಳ ಮೂಗುತಿ ಸಿಗುತ್ತದೆ. 18-55 ಲೆನ್ಸಿನ ಜೂಮು 3 ಪಟ್ಟು, ಇದರದ್ದು 11 ಪಟ್ಟು. 1992ರಲ್ಲಿ ಜಪಾನಿನ ಟ್ಯಾಮ್ರಾನ್ ಕಂಪನಿ 28-200 ತಂದ ಮೇಲೆ ಈ ಹುಚ್ಚು ಹಬ್ಬಿತು. 2017ರಲ್ಲಿ ಅದೇ ಕಂಪನಿ 18-400 ತಂದಿತು, 22 ಪಟ್ಟು!

ದೊಡ್ಡ ಅನುಕೂಲ ಎಂದರೆ ಲೆನ್ಸು ಬಿಚ್ಚಿ ಹಾಕುವ ಗೋಜಿಲ್ಲ. ಲೆನ್ಸು ಬದಲಿಸುವಷ್ಟರಲ್ಲಿ ಅಕ್ಷತೆ ಬಿದ್ದಿರುತ್ತದೆ. ಬಿಚ್ಚಿದ ಕ್ಯಾಮೆರಾದೊಳಗೆ ಧೂಳೂ ಹೊಕ್ಕಿರುತ್ತದೆ.

ದೂರ ನೋಡಿದೆ, ಬೆಳಕು ನೋಡಿದ್ಯಾ?

ಸ್ಟುಡಿಯೋ ಯಜಮಾನರು ಫಿಲ್ಮ್ ಕಾಲದವರು. ಚಹಾ ಲೋಟ ಕೆಳಗಿಟ್ಟು ಕೇಳಿದರು: 'ಲೇ ತಮ್ಮಾ, ಎಷ್ಟು ದೂರ ಹೊಡೀತತಿ ಅಂತ ನೋಡ್ದಿ. ಬೆಳಕು ಎಷ್ಟು ಕುಡೀತತಿ ಅಂತ ನೋಡ್ದ್ಯಾ?'

ಲೆನ್ಸಿನ ಮೂತಿಯ ಮೇಲೆ 3.5-5.6 ಎಂದು ಬರೆದಿರುತ್ತದೆ. ಅದು ಬೆಳಕು ಒಳಗೆ ಬರುವ ಕಿಂಡಿಯ ಲೆಕ್ಕ. ನಂಬರು ದೊಡ್ಡದಾದಷ್ಟೂ ಕಿಂಡಿ ಸಣ್ಣದು. 18ರಲ್ಲಿ 3.5 ಇದ್ದದ್ದು 200ಕ್ಕೆ ಎಳೆದಾಗ 5.6 ಆಗುತ್ತದೆ, ಬೆಳಕು ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. ಕೆಲವು ಲೆನ್ಸುಗಳಲ್ಲಿ ಇದು 6.3, ಅಂದರೆ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಬಿಸಿಲಲ್ಲಿ ಪರವಾಗಿಲ್ಲ. ಮಬ್ಬು ಛತ್ರದಲ್ಲಿ ಶಟರ್ ನಿಧಾನವಾಗಿ, ತಾಳಿ ಕಟ್ಟುವ ಕೈ ಕಲಸಿಹೋಗುತ್ತದೆ. ಫ್ಲಾಶ್ ಹತ್ತಿರದವರಿಗೆ ಸರಿ, ದೂರಕ್ಕೆ ಮುಟ್ಟುವುದಿಲ್ಲ.

'ಶೇಕ್ ಆಗ್ದಂಗೆ ತಡೆಯೋದು ಲೆನ್ಸಲ್ಲೇ ಐತಲ್ಲಣ್ಣಾ?'

'ಅದು ನಿನ್ನ ಕೈ ನಡುಕ ತಡೀತತಿ. ಮದುಮಗನ ಕೈ ತಡೆಯಲ್ಲ!'

ಪಕ್ಕಾ ಲೆಕ್ಕ

ಬೆಂಗಳೂರಿನ ಹಳೇ ಮಾಲಿನ ಅಂಗಡಿಯೊಂದರಿಂದ ಹುಡುಗ ರೇಟು ಬರೆಸಿಕೊಂಡು ಬಂದಿದ್ದ. ಕ್ಯಾನನ್ 18-200ಕ್ಕೆ 14 ಸಾವಿರ. ಕೊಂಡರೆ ಜೇಬು ಖಾಲಿ. ಅದೇ ಚೀಟಿಯಲ್ಲಿ 18-135 ಎಸ್.ಟಿ.ಎಂ. ಇತ್ತು, ಒಂಬತ್ತೂವರೆ ಸಾವಿರ. ಕಿಂಡಿ ಇದರದ್ದೂ 3.5-5.6, ಕತ್ತಲಲ್ಲಿ ಇದೇನೂ ಹೆಚ್ಚು ಬೆಳಕು ತರುವುದಿಲ್ಲ. ಆದರೆ ಇದರ ಫೋಕಸ್ ಮೋಟಾರು ಅದರಷ್ಟು ಸದ್ದು ಮಾಡುವುದಿಲ್ಲ, ವಿಡಿಯೋಕ್ಕೆ ಅನುಕೂಲ. ತೂಕ 480 ಗ್ರಾಂ, ಅದರದ್ದು 595. ಮೇಲಾಗಿ ನಾಲ್ಕೂವರೆ ಸಾವಿರ ಉಳಿಯುತ್ತದೆ!

ಆ ಉಳಿದ ದುಡ್ಡಿಗೆ ಇನ್ನು ಐನೂರು ಸೇರಿಸಿದರೆ ಹಳೇ 50 ಮಿ.ಮೀ. 1.8 ಲೆನ್ಸು ಬರುತ್ತದೆ. ತೂಕ ಬರೀ 160 ಗ್ರಾಂ. 5.6ರ ಕಿಂಡಿಗೆ ಹೋಲಿಸಿದರೆ ಇದಕ್ಕೆ ಹತ್ತಿರ ಹತ್ತು ಪಟ್ಟು ಬೆಳಕು. ಜೂಮ್ ಇಲ್ಲ, ಕಾಲೇ ಜೂಮು. ಹಿಂದೆ ಮುಂದೆ ನಡೆಯಬೇಕು. ಮುಹೂರ್ತಕ್ಕೆ 50 ಹಾಕಿ ಹತ್ತಿರ ನಿಲ್ಲುವುದು, ಗ್ರೂಪ್ ಫೋಟೋ ಮೆರವಣಿಗೆಗೆ 18-135. ಒಟ್ಟು ಹದಿನಾಲ್ಕೂವರೆ ಸಾವಿರ.

ಹಾಗಾದರೆ 18-200 ದಂಡವೇ? ಅಲ್ಲ. ಜಾತ್ರೆ ತೇರು, ಶಾಲೆಯ ಕ್ರೀಡಾಕೂಟ, ಜೋಗದ ಟೂರು, ಹೀಗೆ ಹಗಲು ಬೆಳಕಲ್ಲಿ ಒಂದೇ ಲೆನ್ಸು ಹಿಡಿದು ಓಡಾಡುವವರಿಗೆ ಅದೇ ಸರಿ. ಕುಂದವಾಡ ಕೆರೆಯ ಹಕ್ಕಿಗೆ ಮಾತ್ರ 200 ಕೂಡ ಸಾಲದು. ನಿಲ್ಲುವ ಜಾಗ ಯಾವುದು, ಅಲ್ಲಿ ಬೆಳಕೆಷ್ಟು ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ನಂಬರು ಆಮೇಲಿನ ಮಾತು.

ಹಳೇ ಮಾಲು ಕೊಳ್ಳುವವರೇ, ಜೋಕೆ!

ಒಂದು ಕಂಪನಿಯ ಕ್ಯಾಮೆರಾಕ್ಕೆಂದು ಮಾಡಿದ ಲೆನ್ಸು ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ನೇರವಾಗಿ ಕೂರದು. ನಿಕಾನ್‌ನ ಡಿ3000, ಡಿ5000 ಸಾಲಿನ ಅಗ್ಗದ ಕ್ಯಾಮೆರಾ ಇದ್ದವರು ಮೋಟಾರು ಲೆನ್ಸಿನೊಳಗೇ ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ಫೋಕಸ್ ಕೈಯಲ್ಲೇ ತಿರುವಬೇಕು. ಟಾರ್ಚ್ ಬಿಟ್ಟು ಗಾಜಿನ ಒಳಗೆ ನೋಡಿ, ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು, ಅಲ್ಲೇ ಬಿಟ್ಟು ಬನ್ನಿ. ಸ್ಕ್ರೂ ಗೀರಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಲೆಕ್ಕ. ಕೆಳಮುಖ ಹಿಡಿದಾಗ ಲೆನ್ಸು ತಾನೇ ಜಾರಿದರೆ ಸವೆದಿದೆ ಅಂತ ಹೇಳಿ ರೇಟು ಇಳಿಸಿ. ಕೊನೆಗೆ, ಇದೇ ಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಒಮ್ಮೆ ಹತ್ತಿರದ ನಂಬರಿನಲ್ಲಿ, ಒಮ್ಮೆ ದೂರದ ನಂಬರಿನಲ್ಲಿ ಫೋಟೋ ಹೊಡೆಯಿರಿ. ನಾಲ್ಕೂ ಮೂಲೆಯ ಅಕ್ಷರ ಓದಲು ಬಂದರೆ ದುಡ್ಡು ಎಣಿಸಿ.

ಹುಡುಗ ಚೀಟಿ ಮಡಚಿ ಜೇಬಿಗಿಟ್ಟ. ಮುಖದಲ್ಲಿ ಮಾತ್ರ ಇನ್ನೂ ಅಳುಕು. 'ಒಂದು ತರ್ತೀನಿ ಅಂದಿದ್ದೆ, ಎರಡಾತು. ಅವ್ವ ಬೈತಾಳೇನೋ.'

ಯಜಮಾನರು ಲೋಟ ಎತ್ತಿಕೊಂಡರು. 'ಲೆನ್ಸು ಎರಡು, ಸಾಲ ಒಂದೇ ಅಂತ ಹೇಳು. ಸುಮ್ನಾಕ್ಕಾಳೆ.'