‘ಅಮ್ಮ’ನಿಗೆ ಎಷ್ಟು ಖಾನೆ?

ಪುಣೆಯ ನಮ್ಮ ಬಡಾವಣೆಯಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಒಂದು ಗಂಟೆ ಕನ್ನಡ ತರಗತಿ ನಡೆಯುತ್ತದೆ. ಕಲಿಸುವವರು ಧಾರವಾಡದ ಕಡೆಯ ನಿವೃತ್ತ ಶಿಕ್ಷಕಿ. ನಮಗೆಲ್ಲ ಅವರು ಅಕ್ಕೋರು. ಅವರ ಬಳಿ ದಪ್ಪ ಫೈಲಿನ ತುಂಬ ಅಭ್ಯಾಸದ ಹಾಳೆಗಳಿವೆ. ಮನೆ ಬದಲಿಸಿ ದೂರ ಹೋದ ಮಕ್ಕಳೂ ಬಿಡಿಸುವಂತಾಗಲಿ ಎಂದು ಅವನ್ನು ಮೊಬೈಲಿನಲ್ಲಿ ತುಂಬುವ ಫಾರಂ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರಿನವನಲ್ಲವೇ! (ಇದೇ ಕಾರಣಕ್ಕೆ ನೆರೆಮನೆಯವರ ಕೆಟ್ಟ ಪ್ರಿಂಟರ್‌ಗಳೂ ನನ್ನ ಪಾಲಿಗೇ ಬರುತ್ತವೆ.)

ಹಾಳೆಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳು ಕೂತಿರುತ್ತವೆ; ನಕಲಿಸಿ ಬೇರೆ ಕಡೆ ಅಂಟಿಸಿದರೆ ಬರುವುದು ಕಲಸುಮೇಲೋಗರ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಅದು ದೊಡ್ಡ ಕಷ್ಟವಲ್ಲ. ಜೆರಾಕ್ಸ್ ಮಾತ್ರ ಉಳಿದ ಹಾಳೆಗಳ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡವನ್ನೂ ಓದಿಕೊಡುತ್ತದೆ. ಒತ್ತಕ್ಷರಗಳನ್ನು ಮಾತ್ರ ಒಂದೊಂದಾಗಿ ತಾಳೆ ನೋಡಬೇಕು.

ನಿಜವಾದ ಪೇಚು ಖಾನೆಗಳದ್ದು. ಅಕ್ಕೋರ ಹಾಳೆಯಲ್ಲಿ ಅಮ್ಮನ ಚಿತ್ರದ ಕೆಳಗೆ ಎರಡು ಚೌಕ: ಅ, ಮ್ಮ. ಪಿಡಿಎಫ್ ಫಾರಂನಲ್ಲೂ ಅಕ್ಷರಕ್ಕೊಂದು ಖಾನೆ ಮಾಡಬಹುದು. ಪ್ಯಾನ್ ಅರ್ಜಿ ತುಂಬಿದವರಿಗೆ ಅಂಥ ಸಾಲು ಚೌಕಗಳ ಪರಿಚಯವಿದೆ. ಆದರೆ ಕಂಪ್ಯೂಟರ್ ಅಲ್ಲಿ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಯುನಿಕೋಡ್ ಸಂಕೇತಗಳನ್ನು. ‘ಅಮ್ಮ’ ಎಂದರೆ ಅ, ಮ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಮ: ಒಟ್ಟು 4. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6! ಮಿತಿ ಎರಡು ಎಂದಿಟ್ಟರೆ ಮಗು ‘ಅಮ’ಕ್ಕೇ ನಿಲ್ಲುತ್ತದೆ. ಜೊತೆಗೆ ಕೆಲವು ಪಿಡಿಎಫ್ ಆ್ಯಪ್‌ಗಳಲ್ಲಿ ಟೈಪ್ ಮಾಡಿದ ಒತ್ತು ಅಕ್ಷರದ ಕೆಳಗೆ ಕೂರದೆ ಬಿಚ್ಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ. ಹಾಗಾಗಿ ಪಿಡಿಎಫ್ ಬಿಟ್ಟು ವೆಬ್ ಪುಟ ಮಾಡಿದೆ. ಪ್ರತಿ ಚೌಕವೂ ಬೇರೆ ಖಾನೆ, ಮಿತಿ ಇಲ್ಲ. ಒತ್ತು ಜೋಡಿಸುವುದನ್ನು ಬ್ರೌಸರ್ ಚೆನ್ನಾಗಿಯೇ ಮಾಡುತ್ತದೆ.

ತೋರಿಸಿದಾಗ ಅಕ್ಕೋರು ಖಾನೆಗಳ ಕಡೆ ನೋಡಲೇ ಇಲ್ಲ, ಹುಡುಗನ ಬೆರಳು ನೋಡುತ್ತಿದ್ದರು. ಅವನು ಇಂಗ್ಲಿಷ್ ಅಕ್ಷರ ಒತ್ತುತ್ತಿದ್ದ. ಎರಡು ಒತ್ತುವಷ್ಟರಲ್ಲಿ ಕೀಬೋರ್ಡೇ ಇಡೀ ಪದ ಸೂಚಿಸುತ್ತಿತ್ತು.

“ಹಾಳ್ಯಾಗ ಬರೀಲಾರದ ಹುಡುಗ ಮೊಬೈಲ್‌ನಾಗ ಒತ್ತಿದ್ರ ಅಕ್ಷರ ಕಲತಂಗ ಆತೇನ್ರಿ?” ಎಂದರು.

ಅವರ ಮಾತು ಸರಿ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ಮರಾಠಿ, ಹಿಂದಿಗೆಂದು ದೇವನಾಗರಿ ಬರೆಯುತ್ತಾರೆ. ಕನ್ನಡ ಲಿಪಿ ಅವರ ಕೈಗೆ ಹತ್ತುವುದು ಭಾನುವಾರದ ಆ ಒಂದು ಗಂಟೆ ಮತ್ತು ಈ ಹಾಳೆಗಳಲ್ಲಿ ಮಾತ್ರ. ಅದನ್ನೂ ಕೀಬೋರ್ಡಿಗೆ ಒಪ್ಪಿಸಿದರೆ ಉಳಿಯುವುದೇನು?

ಆಮೇಲೆ ಹಾಳೆಗಳನ್ನು ಇಬ್ಬರೂ ಕೂತು ವಿಂಗಡಿಸಿದೆವು. ವಿರುದ್ಧ ಪದ, ಹೊಂದಿಸಿ ಬರೆಯಿರಿ, ಕತೆ ಓದಿ ಉತ್ತರಿಸುವುದು ಫಾರಂಗೆ ಹೋದವು. ಅಲ್ಲಿ ಪಟ್ಟಿಯಿಂದ ಉತ್ತರ ಆರಿಸಬೇಕು, ಆರಿಸಲು ಕನ್ನಡ ಓದಲು ಬರಲೇಬೇಕು. ಟೈಪಿಂಗ್ ಎಲ್ಲೂ ಇಲ್ಲ. ನಾನು ಕಷ್ಟಪಟ್ಟು ಮಾಡಿದ್ದ ಚೌಕಗಳೆಲ್ಲ ಹೋದವು, ಹೋಗಲಿ. ಕಾಗುಣಿತ, ಒತ್ತಕ್ಷರದ ಪುಟಗಳಲ್ಲಿ ಈಗ ಎರಡೇ ಗುಂಡಿ: ಹಾಳೆ ಪ್ರಿಂಟ್ ಮಾಡಿ, ಕೈಯಲ್ಲಿ ಬರೆದ ಮೇಲೆ ಫೋಟೊ ಕಳಿಸಿ. ಬಂದ ಫೋಟೊಗಳನ್ನು ಅಕ್ಕೋರು ಮತ್ತೆ ಪ್ರಿಂಟ್ ಹಾಕಿಸಿ ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ.