ಕಬ್ಬಿನ ಸಿಪ್ಪೆಯ ಕರೆಂಟು

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. 1985ರಲ್ಲಿ ಶುರುವಾದ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೂ, 800 ಮೆಗಾವ್ಯಾಟ್‌ನ ಮೂರು ಘಟಕಗಳಿರುವ ವಿಜಯಪುರ ಜಿಲ್ಲೆಯ ಕೂಡಗಿಗೂ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಮಹಾಲಿಂಗಪುರದ ಸೀಮೆಯಲ್ಲಿ ಮಾತ್ರ ಉರುವಲು ಹೊಲದಲ್ಲೇ ಬೆಳೆಯುತ್ತದೆ.

ಇಲ್ಲಿನವರಿಗೆ ಇದು ಹೊಸದೇನಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹೆಸರು ತಂದ ಗಾಣಗಳಲ್ಲಿ ಹಾಲು ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಒಣಗಿದ ಮೇಲೆ ಒಲೆಗೆ ತುಂಬುತ್ತಾರೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವುದು ಕಬ್ಬಿನದೇ ಬೆಂಕಿಯಲ್ಲಿ.

ಸಮೀರವಾಡಿಯ ಗೋದಾವರಿ, ಮುಧೋಳದ ನಿರಾಣಿ ಮುಂತಾದ ಸಕ್ಕರೆ ಕಾರ್ಖಾನೆಗಳು ಅದೇ ಸಿಪ್ಪೆಯಿಂದ ವಿದ್ಯುತ್ ತೆಗೆಯುತ್ತವೆ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಅರ್ಧದಷ್ಟು ನೀರೇ. ಹಾಗಿದ್ದೂ ಬಾಯ್ಲರ್‌ನಲ್ಲಿ ಚೆನ್ನಾಗಿ ಉರಿಯುತ್ತದೆ. ಹಬೆ ಮೊದಲು ಟರ್ಬೈನ್ ತಿರುಗಿಸುತ್ತದೆ, ಆಮೇಲೆ ಉಳಿದ ಬಿಸಿಯಿಂದ ಕಬ್ಬಿನ ರಸವನ್ನು ಕಾಯಿಸುತ್ತದೆ. ದೊಡ್ಡ ಶಾಖೋತ್ಪನ್ನ ಸ್ಥಾವರಗಳಲ್ಲಿ ತಣಿಸುವ ನೀರಿನ ಪಾಲಾಗುವ ಶಾಖ ಇಲ್ಲಿ ಸಕ್ಕರೆಯ ಕೆಲಸಕ್ಕೆ ಒದಗುತ್ತದೆ. ಸಹವಿದ್ಯುತ್ ಉತ್ಪಾದನೆಯ ಜಾಣತನವೆಲ್ಲ ಇದರಲ್ಲಿದೆ. ಹಳೆಯ ಕಾಲದ ಕಡಿಮೆ ಒತ್ತಡದ ಬಾಯ್ಲರ್‌ಗಳು ಕಾರ್ಖಾನೆಯ ಮಟ್ಟಿಗಷ್ಟೇ ಸಾಲುತ್ತಿದ್ದವು. ಹೆಚ್ಚು ಒತ್ತಡದ ಬಾಯ್ಲರ್‌ಗಳು ಬಂದ ಮೇಲೆ ವಿದ್ಯುತ್ ಮಿಕ್ಕತೊಡಗಿತು. ಮಿಕ್ಕಿದ್ದನ್ನು ಗ್ರಿಡ್‌ಗೆ ಮಾರುವ ದಾರಿ ತೆರೆಯಿತು.

ತೊಡಕಿರುವುದು ಹಂಗಾಮಿನಲ್ಲಿ. ಮಳೆಗಾಲ ಮುಗಿದ ಮೇಲೆ ಶುರುವಾಗುವ ಕಬ್ಬು ಅರೆಯುವ ಕೆಲಸ ಬೇಸಿಗೆಯ ಹೊತ್ತಿಗೆ ನಿಲ್ಲುತ್ತದೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಿಗೆ ವರ್ಷವಿಡೀ ಕರೆಂಟು ಬೇಕು. ಹಂಗಾಮಿಲ್ಲದ ತಿಂಗಳುಗಳಲ್ಲಿ ಕಲ್ಲಿದ್ದಲನ್ನೂ ಉರಿಸುವ ಅನುಕೂಲವಿರುವ ಸಹವಿದ್ಯುತ್ ಘಟಕಗಳು ದೇಶದಲ್ಲಿವೆ. ಆಗ ಅವೂ ದೂರದ ಗಣಿಗಳ ಹಂಗಿಗೆ ಬೀಳುತ್ತವೆ.

ಇನ್ನೊಂದು ಪ್ರಶ್ನೆ ರೈತನದು. ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ದರ ಸಕ್ಕರೆ ಇಳುವರಿಯನ್ನು ನೋಡಿ ಏರಿಳಿಯುತ್ತದೆ. ಸಿಪ್ಪೆಯಿಂದ ಹುಟ್ಟಿದ ವಿದ್ಯುತ್ತಿನ ಲೆಕ್ಕ ಅವನಿಗೆ ಕಾಣುವುದಿಲ್ಲ. ಸಕ್ಕರೆಯ ಜೊತೆಗೆ ಸಿಪ್ಪೆ, ಕಾಕಂಬಿಯಂಥ ಉಪಉತ್ಪನ್ನಗಳ ಮೌಲ್ಯವನ್ನೂ ಸೇರಿಸಿ ಅದರ ಶೇ 70ರಷ್ಟು ರೈತರಿಗೆ ಸಲ್ಲಬೇಕೆಂದು ಸಿ. ರಂಗರಾಜನ್ ಸಮಿತಿ 2012ರಲ್ಲೇ ಶಿಫಾರಸು ಮಾಡಿತ್ತು. 2025ರ ನವೆಂಬರ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಬೆಳಗಾವಿ ಜಿಲ್ಲೆಯ ಮತ್ತು ಮುಧೋಳ ಭಾಗದ ರೈತರು ಬೀದಿಗಿಳಿದರು. ದರದ ಜಗಳ ಪ್ರತಿ ಹಂಗಾಮಿಗೂ ಮರುಕಳಿಸಬಾರದೆಂದರೆ, ಎಷ್ಟು ಯೂನಿಟ್ ಮಾರಿದೆವು, ಎಷ್ಟು ಹಣ ಬಂತು ಎಂಬುದನ್ನು ಕಾರ್ಖಾನೆಗಳು ಕಬ್ಬಿನ ಬಿಲ್ಲಿನ ಜೊತೆಗೇ ರೈತನ ಕೈಗಿಡಬೇಕು.