ಹಾಲಿನ ಗಾಡಿಯ ದಾರಿ

ಬೆಳಗಾಯಿತು. ಶಿರ್ತಾಡಿಯ ಸುತ್ತಮುತ್ತ ಮನೆಮನೆಯಲ್ಲಿ ಹಾಲು ಕರೆದಾಯಿತು. ಅಕ್ಕಂದಿರು ಹಾಲು ಹಿಡಿದು ಡಿಪೋಗೆ ಬಂದರು. ಹಾಲು ಅಳೆದರು, ಪುಸ್ತಕದಲ್ಲಿ ಬರೆದರು. ಆಮೇಲೆ ಆ ಹಾಲು ಯಾವ ದಾರಿಯಲ್ಲಿ ಹೋಗುತ್ತದೆ? ಆ ದಾರಿಯನ್ನು ಗೊತ್ತು ಮಾಡುವುದು ಹೇಗೆ? ನಾವು ತಿಳಿಯೋಣ.

ಹಾಲು ಕಾಯುವುದಿಲ್ಲ

ಕರೆದ ಹಾಲು ಬೆಚ್ಚಗಿರುತ್ತದೆ. ಬೆಚ್ಚಗಿನ ಹಾಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೇಗ ಹೆಚ್ಚುತ್ತವೆ. ಹಾಲು ಹುಳಿಯಾಗುತ್ತದೆ. ಆದ್ದರಿಂದ ಬೇಗನೆ 4 ಡಿಗ್ರಿಯವರೆಗೆ ತಣ್ಣಗೆ ಮಾಡಬೇಕು. ಕೆಲವು ಡಿಪೋಗಳಲ್ಲಿ ಇದಕ್ಕೆ ದೊಡ್ಡ ತೊಟ್ಟಿ ಇದೆ. ಅದು ಬಲ್ಕ್ ಕೂಲರ್. ತೊಟ್ಟಿ ಇಲ್ಲದ ಕಡೆಯ ಹಾಲು ಕ್ಯಾನುಗಳಲ್ಲಿ ಗಾಡಿ ಹತ್ತಿ ತೊಟ್ಟಿ ಇರುವಲ್ಲಿಗೆ ಹೋಗಬೇಕು. ತಣ್ಣಗಾದ ಹಾಲನ್ನು ಟ್ಯಾಂಕರ್ ಡೇರಿಗೆ ಒಯ್ಯುತ್ತದೆ. ನಮ್ಮ ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಮಂಗಳೂರಿನ ಕುಲಶೇಖರದಲ್ಲಿದೆ.

ಗಾಡಿ ತಡವಾದರೆ ಹಾಲು ಕೆಡುತ್ತದೆ. ನಷ್ಟ ಯಾರಿಗೆ? ನಮಗೇ ಅಲ್ಲವೆ?

ಕಂಪ್ಯೂಟರ್ ಏನು ಮಾಡುತ್ತದೆ?

ಮೊದಲು ಗಾಡಿಯ ದಾರಿಯನ್ನು ಕಾಗದದಲ್ಲಿ ಬರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲೂ ಮಾಡಬಹುದು. ಅದಕ್ಕೆ ಬೇಕಾದ ತಂತ್ರಾಂಶವನ್ನು ಗುಜರಾತಿನ ಆಣಂದದಲ್ಲಿರುವ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಮಾಡಿದೆ. ತಂತ್ರಾಂಶ ಎಂದರೆ ಕೆಲಸ ಹೇಗೆ ಮಾಡಬೇಕೆಂದು ಕಂಪ್ಯೂಟರಿಗೆ ಬರೆದುಕೊಟ್ಟ ಕ್ರಮ.

ಇಂಥ ಕೆಲಸದಲ್ಲಿ ಕಂಪ್ಯೂಟರಿಗೆ ನಾವು ಐದು ಸಂಗತಿ ಹೇಳಬೇಕು.

1. ಗಾಡಿ ನಿಲ್ಲುವ ಡಿಪೋಗಳು ಯಾವುವು?
2. ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ, ಎಷ್ಟು ಹೊತ್ತು?
3. ಪ್ರತಿ ಡಿಪೋದಲ್ಲಿ ಎಷ್ಟು ಲೀಟರ್ ಹಾಲು?
4. ಗಾಡಿಗೆ ಎಷ್ಟು ಕ್ಯಾನ್ ಹಿಡಿಯುತ್ತದೆ?
5. ಹಾಲು ಎಷ್ಟು ಗಂಟೆಗೆ ಸಿದ್ಧ?

ಒಂದು ಲೆಕ್ಕ ಮಾಡೋಣ. ಗಾಡಿಗೆ 40 ಕ್ಯಾನ್ ಹಿಡಿಯುತ್ತದೆ. ಒಂದು ಕ್ಯಾನಿಗೆ 40 ಲೀಟರ್. ಒಟ್ಟು 1600 ಲೀಟರ್. ನಾಲ್ಕು ಡಿಪೋಗಳಲ್ಲಿ 320, 440, 480, 240 ಲೀಟರ್ ಹಾಲಿದೆ. ಕೂಡಿಸಿ ನೋಡಿ. 1480 ಲೀಟರ್. ಗಾಡಿಗೆ ಹಿಡಿಯುತ್ತದೆ. ಐದನೆಯ ಡಿಪೋದ 200 ಲೀಟರ್ ಸೇರಿದರೆ 1680. ಹಿಡಿಯುವುದಿಲ್ಲ. ಆ ಡಿಪೋವನ್ನು ಬೇರೆ ದಾರಿಗೆ ಸೇರಿಸಬೇಕು. ಇಂಥ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಯಾವ ಡಿಪೋ ಮೊದಲು, ಯಾವುದು ಆಮೇಲೆ ಎಂದೂ ಹೇಳುತ್ತದೆ.

ಕಂಪ್ಯೂಟರಿಗೆ ತೋಡು ಗೊತ್ತೆ?

ನಕ್ಷೆಯಲ್ಲಿ ಎರಡು ಡಿಪೋಗಳ ನಡುವೆ 2 ಕಿಲೋಮೀಟರ್ ಎಂದಿರಬಹುದು. ಆದರೆ ನಡುವೆ ತೋಡು ಇದೆ. ತೋಡಿಗೆ ಇರುವುದು ಕಾಲ್ನಡಿಗೆಯ ಸಂಕ. ಬೇಸಗೆಯಲ್ಲಿ ತೋಡು ಒಣಗಿದಾಗ ಗಾಡಿ ಹೇಗೋ ಇಳಿದು ಹತ್ತೀತು. ಆಟಿ ತಿಂಗಳ ಮಳೆಗೆ? ಸುತ್ತು ಬಳಸಿ 7 ಕಿಲೋಮೀಟರ್ ಹೋಗಬೇಕು. 5 ಕಿಲೋಮೀಟರ್ ಹೆಚ್ಚಾಯಿತು. ಮಣ್ಣು ರಸ್ತೆಯಲ್ಲಿ ಅದಕ್ಕೆ ಕಾಲು ಗಂಟೆ ಬೇಕು. ಈ ಸಂಗತಿಯನ್ನು ಯಾರೂ ಹೇಳದಿದ್ದರೆ ಗಾಡಿ ತೋಡಿನ ಈಚೆ ದಡದಲ್ಲಿ ನಿಲ್ಲುತ್ತದೆ. ಹಾಲು ಆಚೆ ಕಾಯುತ್ತದೆ.

ಆದ್ದರಿಂದ ದಾರಿ ಗೊತ್ತು ಮಾಡಿದ ಮೇಲೆ ಒಮ್ಮೆ ಗಾಡಿಯಲ್ಲಿ ಹೋಗಿ ನೋಡಬೇಕು. ಡ್ರೈವರನ್ನು ಕೇಳಬೇಕು. ಡಿಪೋಗೆ ಹಾಲು ತರುವವರನ್ನೂ ಕೇಳಬೇಕು. ಮಳೆಗಾಲಕ್ಕೆ ಒಂದು ದಾರಿ, ಬೇಸಗೆಗೆ ಒಂದು ದಾರಿ ಇಟ್ಟುಕೊಳ್ಳುವುದು ಒಳ್ಳೆಯದು.

ನಾವೇನು ಮಾಡೋಣ?

ಅಕ್ಕಂದಿರೇ, ಅಣ್ಣಂದಿರೇ, "ಕಂಪ್ಯೂಟರ್ ನಮಗೆ ಅರ್ಥವಾಗುವುದಿಲ್ಲ" ಎಂದು ಸುಮ್ಮನಿರಬೇಡಿ. ಅದಕ್ಕೆ ಕೂಡಿಸುವುದು ಗೊತ್ತು. ನಮ್ಮ ತೋಡು, ಗುಡ್ಡೆ, ಸಂಕ ಗೊತ್ತಿರುವುದು ನಮಗೆ. ಗಾಡಿ ಬರುವ ಹೊತ್ತನ್ನು ದಿನವೂ ಬರೆದಿಡಿ. ಒಂದು ವಾರ ತಡವಾದರೆ ಆ ಚೀಟಿ ಹಿಡಿದು ಸಂಘದ ಸಭೆಗೆ ಹೋಗಿ. ಬಾಯಿಮಾತು ಮರೆತುಹೋಗುತ್ತದೆ. ಬರೆದದ್ದು ಉಳಿಯುತ್ತದೆ.